ಸಾಕ್ಷಿಯ ವಿಳಾಸ

"ಹಿಮ ಗೋರೋ ಗಾಡೀಲಿ ಓಟೂ ಗೋರ್ಕೊಂಡ ಕಳ್ಳ ಇವನು. ಇವನ ಮುಖಕ್ಕೆ ಇನ್ನೊಂದ್ಸಲ ಅಧ್ಯಕ್ಷಗಿರಿ ಬೇರೆ ಕೇಡು."

ಡೆರಿಕ್ ಕಂಗಾಸ್ ಈ ಮಾತನ್ನು ಆಡಿದ್ದು ಟ್ಯಾಮರಾಕ್ ಊರಿನ ಸಭಾಮನೆಯಲ್ಲಿ, ಮರುಎಣಿಕೆ ನೋಡಲು ಬಂದು ಕೂತಿದ್ದ ಅಷ್ಟೂ ಜನರೆದುರು, ಹಾರ್ಲನ್ ರುಡ್‌ನ ಕಡೆ ನೇರವಾಗಿ ಬೆರಳು ಚಾಚಿ. ಕ್ಲರ್ಕ್ ಬರ್ನಿಸ್ ಆಗಿನ್ನೂ ಮತಚೀಲದ ಮೊಹರು ಕೂಡ ಒಡೆದಿರಲಿಲ್ಲ. ಕಬ್ಬಿಣದ ಮಡಚುಕುರ್ಚಿಗಳಲ್ಲಿ ಕೂತವರ ಕೈಯ ಕಾಫಿ ಬಾಯಿಯವರೆಗೆ ಹೋಗದೆ ನಡುವೆಯೇ ನಿಂತಿತು. ಬಯ್ದವನೊಬ್ಬನನ್ನು ಬಿಟ್ಟು ಬೈಗುಳ ಕೇಳಿಸಿಕೊಂಡವರೆಲ್ಲ ತಲೆ ತಗ್ಗಿಸಿದರು.

ಹಾರ್ಲನ್ ಮಾತ್ರ ತಗ್ಗಿಸಲಿಲ್ಲ, ಎತ್ತಲೂ ಇಲ್ಲ. ಎರಡು ಅವಧಿಯಿಂದ ಊರಿನ ಅಧ್ಯಕ್ಷ ಅವನು. ಚಳಿಗಾಲದಲ್ಲಿ ಊರ ರಸ್ತೆಗಳ ಹಿಮ ಬಳಿಯುವ ಗಾಡಿ ಓಡಿಸುವವನೂ ಅವನೇ. ಫ್ಲಾಸ್ಕಿನ ಮುಚ್ಚಳ ತಿರುಗಿಸಿ ತೆಗೆದು, ಅದಕ್ಕೇ ಕಾಫಿ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದ.

"ಕೂತ್ಕೋ ಡೆರಿಕ್," ಎಂದು ಚಿಕ್ಕಮ್ಮ ಲೊರೇನ್ ಅವನ ತೋಳು ಹಿಡಿದು ಜಗ್ಗಿದಳು. "ಇರೋ ಮಾನಾನೂ ಹರಾಜು ಹಾಕ್ಬೇಡ."

ಡೆರಿಕ್ ಕೂತ. ಕೂತರೂ ಕಾಲು ಕುಣಿಯುತ್ತಲೇ ಇತ್ತು. ಅವನ ಸಿಟ್ಟು ಹಾಗೆ, ಒಮ್ಮೆ ಹತ್ತಿದರೆ ಹಸಿ ಸೌದೆಯ ಹಾಗೆ ಬೆಂಕಿಗಿಂತ ಹೊಗೆಯೇ ಜಾಸ್ತಿ. ಹತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು ಬಂದದ್ದೂ ಇಂಥದೇ ಒಂದು ಸಿಟ್ಟಿನಲ್ಲಿ. ಆಮೇಲೆ ಮರದ ಕಾರ್ಖಾನೆ ಸೇರಿದ, ಈ ಚಳಿಗಾಲದಲ್ಲಿ ಅಲ್ಲಿಂದಲೂ ಹೊರಬಿದ್ದ.

ಜಗಳ ಏನೆಂದರೆ, ಏಪ್ರಿಲ್ ಚುನಾವಣೆಯಲ್ಲಿ ಹಾರ್ಲನ್‌ಗೆ ನೂರಾ ನಲವತ್ತಮೂರು ಓಟು, ಲೊರೇನ್‌ಗೆ ನೂರಾ ನಲವತ್ತೊಂದು. ಈ ಸಭಾಮನೆಯ ಅಡುಗೆಮನೆ ಮುಚ್ಚಿ, ಆ ಹಣಕ್ಕೆ ಕೆರೆಯಾಚೆಯ ರಸ್ತೆಗೆ ಜಲ್ಲಿ ಹಾಕಿಸಬೇಕೆಂದು ಹಾರ್ಲನ್‌ನ ಲೆಕ್ಕ. ಅಡುಗೆಮನೆ ನಡೆಸುವವಳು ಲೊರೇನ್. ಪ್ರತಿ ಬುಧವಾರ ಊರಿನ ಮುದುಕರಿಗೆ ಅಲ್ಲಿ ಬಿಸಿ ಊಟ: ಆಲೂಗಡ್ಡೆ, ಮಾಂಸದುಂಡೆ, ಕಡೆಗೊಂದು ತುಂಡು ರೂಬಾರ್ಬ್ ಎಂಬ ಹುಳಿದಂಟಿನ ಸಿಹಿ ಪೈ. ಬರಲಾಗದವರಿಗೆ ಡಬ್ಬಿ. ಒಲೆ ಆರಿಹೋದರೆ ಆ ಮುದುಕರು ವಾರಕ್ಕೊಮ್ಮೆ ಇನ್ನೊಂದು ಮನುಷ್ಯಮುಖ ನೋಡುವುದೂ ತಪ್ಪುತ್ತದೆ ಎಂದೇ ಅವಳು ಚುನಾವಣೆಗೆ ನಿಂತದ್ದು.

ಸೋತ ಮೇಲೆ ಸುಮ್ಮನಾಗಿದ್ದಳು. ಎರಡು ಓಟಿಗೆ ಸೋತರೂ ಸೋಲು ಸೋಲೇ, ಅಂದಿದ್ದಳು. ಸುಮ್ಮನಿರಲು ಬಿಡದವನು ಡೆರಿಕ್. ಕೆರೆದಂಡೆಯ ವೃದ್ಧರ ವಸತಿಯಲ್ಲಿರುವ ಆಗ್ದಾ ಸಾಲ್ಮೆಲಾ ಎಂಬ ಮುದುಕಿ ಒಂದು ದಿನ ಊಟದ ಡಬ್ಬಿ ಇಸಿದುಕೊಳ್ಳುತ್ತ, ನಮ್ಮ ಮೂರು ಜನರ ಅಂಚೆ ಓಟನ್ನು ಎಣಿಸಲೇ ಇಲ್ಲವಂತೆ, ಏನೋ ಕೊರತೆಯಂತೆ, ಅಂದಿದ್ದಳು. ಎಣಿಸಲಿಲ್ಲ ಅನ್ನುವವರೆಗೆ ಕೇಳಿಸಿಕೊಂಡ ಡೆರಿಕ್ ಕೊರತೆ ಅನ್ನುವಷ್ಟರಲ್ಲಿ ಬಾಗಿಲು ದಾಟಿದ್ದ. ಪೆಟ್ರೋಲ್ ಬಂಕಿನಲ್ಲಿ, ಬಾರಿನಲ್ಲಿ, ಮೀನಿನ ಗಾಳ ಮಾರುವ ಅಂಗಡಿಯಲ್ಲಿ, ಹೋದಲ್ಲೆಲ್ಲ ಅದೇ ರಾಗ: ಹಾರ್ಲನ್ ಓಟು ಬಚ್ಚಿಟ್ಟಿದ್ದಾನೆ. ಕೊನೆಗೆ ಲೊರೇನ್‌ಳನ್ನು ಪೀಡಿಸಿ ಪೀಡಿಸಿ ಮರುಎಣಿಕೆಯ ಅರ್ಜಿಗೆ ರುಜು ಹಾಕಿಸಿದ್ದ.

ಎಣಿಕೆ ಶುರುವಾಯಿತು. ಬರ್ನಿಸ್, ಅವಳ ಜೊತೆ ಎಣಿಕೆ ಮಂಡಳಿಯ ಇನ್ನಿಬ್ಬರು, ಉದ್ದನೆಯ ಮೇಜು. ಮತಪತ್ರಗಳನ್ನು ಒಂದೊಂದಾಗಿ ಎತ್ತಿ, ಎರಡೂ ಕಡೆಯವರಿಗೆ ತೋರಿಸಿ, ಎರಡು ಕಟ್ಟು ಮಾಡಿದರು. ಅದೇ ನೂರಾ ನಲವತ್ತಮೂರು, ಅದೇ ನೂರಾ ನಲವತ್ತೊಂದು. ಹಿಂದಿನ ಸಾಲಿನವರು ಆಗಲೇ ಕೋಟು ಹಾಕಿಕೊಳ್ಳತೊಡಗಿದ್ದರು.

ಡೆರಿಕ್ ಮತ್ತೆ ಎದ್ದು, ಆ ಮೂರು ಲಕೋಟೆ ಎಲ್ಲಿ, ತೆಗೆದು ತೋರಿಸಿ ಎಂದ.

ಬರ್ನಿಸ್ ಪೆಟ್ಟಿಗೆಯಿಂದ ಮೂರು ಲಕೋಟೆ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಮೂರೂ ಒಡೆಯದ ಲಕೋಟೆಗಳು. ಸಣ್ಣ ಮಕ್ಕಳಿಗೆ ಪಾಠ ಹೇಳುವ ದನಿ ಅವಳದು. ಅಂಚೆ ಓಟು ಹಾಕುವವರು ಒಬ್ಬ ಸಾಕ್ಷಿಯ ಎದುರು ಹಾಕಬೇಕು, ಲಕೋಟೆಯ ಮೇಲೆ ಓಟುದಾರರ ರುಜು, ಸಾಕ್ಷಿಯ ರುಜು, ಸಾಕ್ಷಿಯ ವಿಳಾಸ ಮೂರೂ ಇರಬೇಕು, ಇವುಗಳಲ್ಲಿ ಸಾಕ್ಷಿಯ ವಿಳಾಸದ ಗೆರೆ ಖಾಲಿ, ಹಾಗಾಗಿ ಒಡೆಯಲಿಲ್ಲ, ಚುನಾವಣೆಯ ಹಿಂದಿನ ದಿನ ಸಾಕ್ಷಿಗೆ ಫೋನ್ ಮಾಡಿದರೆ ಆ ಫೋನು ಸತ್ತಿತ್ತು.

"ಯಾವ ಬೇಜವಾಬ್ದಾರಿ ಸಾಕ್ಷಿ ಅದು?" ಎಂದ ಡೆರಿಕ್. ಅಂದ ಮೇಲೆಯೇ ಅವನಿಗೆ ನೆನಪಾದದ್ದು.

ಬರ್ನಿಸ್ ಕನ್ನಡಕ ಏರಿಸಿ ಒಂದೊಂದೇ ಲಕೋಟೆ ನೋಡಿ ಓದಿದಳು. "ಡೆರಿಕ್ ಕಂಗಾಸ್. ಡೆರಿಕ್ ಕಂಗಾಸ್. ಇದೂ ಡೆರಿಕ್ ಕಂಗಾಸ್."

ಹಿಂದಿನ ಸಾಲಿನಲ್ಲಿ ಮರದ ಕಾರ್ಖಾನೆಯ ರೇ ಗಂಟಲು ಸರಿಮಾಡಿಕೊಂಡ. "ಕಳ್ಳ ಸಿಕ್ಕಿದ ನೋಡಿ."

ನಗು ಎದ್ದಿತು. ಕೋಟು ಹಾಕಿಕೊಂಡವರು ಬಿಚ್ಚಿ ಮತ್ತೆ ಕೂತರು. ಸ್ಕೂಲು ಬಿಟ್ಟ ಹುಡುಗ ಪಾಪ, ವಿಳಾಸ ಬರೆಯೋಕೆ ಬರಲಿಲ್ಲವೇನೋ, ಎಂದು ಇನ್ಯಾರೋ ಅಂದರು. ಬೇರೆ ದಿನವಾಗಿದ್ದರೆ ಡೆರಿಕ್ ಆ ಮಾತಾಡಿದವನ ಕೊರಳಪಟ್ಟಿ ಹಿಡಿಯುತ್ತಿದ್ದ. ಇವತ್ತು ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಳ್ಳೋಣ ಅನ್ನಿಸಿತು ಅವನಿಗೆ. ಅಕ್ಷರ ಬಾರದವನು ಅಂದುಕೊಳ್ಳಲಿ. ನಿಜಕ್ಕಿಂತ ಅದೇ ವಾಸಿ.

ಮೊದಲ ಸಾಲಿನಲ್ಲಿ ಗಾಲಿಯ ಊರುಗೋಲನ್ನು ಎದುರಿಗಿಟ್ಟುಕೊಂಡು ಆಗ್ದಾ ಕೂತಿದ್ದಳು. ಲೊರೇನ್ ಅವಳನ್ನು ಕಾರಿನಲ್ಲಿ ಕರೆತಂದಿದ್ದಳು. ಮುದುಕಿ ಕಷ್ಟಪಟ್ಟು ಕತ್ತು ತಿರುಗಿಸಿದಳು.

"ಅವತ್ತೇ ಹೇಳಿದ್ನಲ್ಲಪ್ಪ, ಒಂದು ಗೆರೆ ಖಾಲಿ ಇದೆ ಅಂತ. ಆಫೀಸಲ್ಲಿ ತುಂಬ್ಕೋತಾರೆ ಅಜ್ಜಿ ಅಂದೆ ನೀನು." ಸ್ವಲ್ಪ ಉಸಿರು ತಗೊಂಡು, "ನಮ್ಮೆಜಮಾನ್ರನ್ನ ಮಣ್ಣು ಮಾಡಿದ ದಿನಾನೂ ಹೋಗಿ ಓಟು ಹಾಕ್ಬಂದೋಳು ನಾನು," ಅಂದಳು.

ಬಯ್ಯುವ ದನಿಯಲ್ಲ ಅದು. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು.

ಮಂಡಳಿಯ ಮೂವರೂ ತಲೆ ಹತ್ತಿರ ತಂದು ಗುಸುಗುಸು ಮಾತಾಡಿಕೊಂಡರು. ಆಮೇಲೆ ಬರ್ನಿಸ್, ಸಾಕ್ಷಿ ಆ ದಿನ ಎಲ್ಲಿ ವಾಸವಿದ್ದ ಅನ್ನುವುದು ಖಾತರಿಯಾದರೆ ಮಂಡಳಿಯೇ ವಿಳಾಸ ತುಂಬಿ ಲಕೋಟೆ ಒಡೆಯಬಹುದು ಎಂದಳು. ಸಾಕ್ಷಿ ಇಲ್ಲೇ ನಿಂತಿದ್ದಾನಲ್ಲ, ಕೇಳಿದರಾಯಿತು. ಡೆರಿಕ್‌ನ ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದಳು.

"ಮಾರ್ಚ್ ತಿಂಗಳಲ್ಲಿ ನೀನು ಎಲ್ಲಿ ವಾಸ ಇದ್ದೆ?"

ಇಷ್ಟೇ ಪ್ರಶ್ನೆ. ಐದು ವರ್ಷದ ಮಗುವಿಗೂ ಬಾಯಿಪಾಠ ಇರುವಂಥದು. ಇದಕ್ಕೊಂದು ಉತ್ತರ ಕೊಟ್ಟರೆ ಮೂರು ಮುದುಕಿಯರ ಓಟು ಉಳಿಯುತ್ತದೆ, ಚಿಕ್ಕಮ್ಮ ಗೆಲ್ಲುತ್ತಾಳೆ, ಬುಧವಾರದ ಒಲೆ ಉರಿಯುತ್ತದೆ. ಲೊರೇನ್ ಅವನ ಮುಖವನ್ನೇ ನೋಡುತ್ತಿದ್ದಳು. "ಪಕ್ಕದೂರಲ್ಲಿ ಫ್ರೆಂಡ್ ಮನೆ ಅಂದಿದ್ಯಲ್ಲೋ. ಅದೇ ಹೇಳು."

ಪಕ್ಕದೂರಿನಲ್ಲಿ ಅವನಿಗೆ ಫ್ರೆಂಡೂ ಇರಲಿಲ್ಲ, ಮನೆಯೂ ಇರಲಿಲ್ಲ.

ಜನವರಿಯಲ್ಲಿ ಕೆಲಸ ಹೋದಾಗ ಚಿಕ್ಕಮ್ಮ ಒಂದು ಮಾತು ಅಂದಿದ್ದಳು: ನನ್ನ ಸೂರಿನ ಕೆಳಗೆ ಇರೋ ತನಕ ಬೆಳಿಗ್ಗೆ ಎದ್ದು ಕೆಲಸ ಹುಡುಕಬೇಕು ಅಂತ. ತಾಯಿ ಬಿಟ್ಟುಹೋದ ಮೇಲೆ ಸಾಕಿ ದೊಡ್ಡವನನ್ನು ಮಾಡಿದವಳು ಅಷ್ಟು ಅನ್ನಬಾರದೇ? ಆದರೆ ಡೆರಿಕ್‌ಗೆ ಕೇಳಿಸಿದ್ದು 'ನನ್ನ ಸೂರು' ಅನ್ನುವುದೊಂದೇ. ಬಟ್ಟೆಗಂಟು ಟ್ರಕ್ಕಿಗೆಸೆದು ಹೊರಟುಬಿಟ್ಟ. ಹೋಗಿ ಮಲಗಿದ್ದು ಕೆರೆಯ ದೋಣಿಕಟ್ಟೆಯಲ್ಲಿ, ಅದೇ ಟ್ರಕ್ಕಿನೊಳಗೆ. ಉಗುಳಿದರೆ ನೆಲ ಮುಟ್ಟುವಷ್ಟರಲ್ಲಿ ಕಲ್ಲಾಗುವ ಚಳಿ. ಎಣ್ಣೆ ಉಳಿಸಲು ಎಂಜಿನ್ ಆರಿಸಿದ್ದ.

ಬೆಳಗಾಗುವ ಮುಂಚೆ ಹಿಮ ಬಳಿಯುತ್ತ ಬಂದ ಹಾರ್ಲನ್, ಇದೊಂದು ಹಿಮದ ಗುಡ್ಡೆ ಅಂದುಕೊಂಡು ಗಾಡಿ ನುಗ್ಗಿಸುವುದರಲ್ಲಿದ್ದ. ದೀಪದ ಬೆಳಕಿಗೆ ಟ್ರಕ್ಕಿನ ಕನ್ನಡಿ ಹೊಳೆಯಿತು. ಇಳಿದು ಬಂದು ಗಾಜು ಬಡಿದ. ಯಾಕೆ, ಏನು, ಎತ್ತ ಅಂತ ಒಂದನ್ನೂ ಕೇಳಲಿಲ್ಲ. ಹಿಮಗಾಡಿ ನಿಲ್ಲಿಸುವ ಅವನ ಗ್ಯಾರೇಜಿನ ಮೇಲೊಂದು ಕೋಣೆ, ಅದರಲ್ಲಿ ಸೌದೆಯ ಒಲೆ, ಒಂದು ಮಂಚ. ಮೊದಲ ದಿನ ಒಂದು ಪಾತ್ರೆ ಜಿಂಕೆಮಾಂಸದ ಸಾರು ತಂದಿಟ್ಟು, ಯಾರಿಗೂ ಹೇಳಲ್ಲ, ನಿಮ್ಮ ಚಿಕ್ಕಮ್ಮನಿಗೂ ಹೇಳಲ್ಲ, ಎಂದು ಹೋದ. ಅದೊಂದು ದಿನದ ಸಾರಲ್ಲ, ಚಳಿಗಾಲ ಪೂರ್ತಿ ಬಂತು.

ಸಾಲ ಕೊಟ್ಟವನ ಮುಖವನ್ನು ಹೇಗೋ ನೋಡಬಹುದು, ತೀರಿಸಿದರೆ ಮುಗಿಯಿತು. ಕೇಳದೆ ಉಪಕಾರ ಮಾಡಿದವನ ಮುಖ ನೋಡುವುದು ಹೇಗೆ? ಡೆರಿಕ್‌ಗೆ ಆ ಸಾರಿನ ಪ್ರತಿ ತುತ್ತೂ ಗಂಟಲಲ್ಲಿ ಮುಳ್ಳಾಡುತ್ತಿತ್ತು. ಚಿಕ್ಕಮ್ಮ ಚುನಾವಣೆಗೆ ನಿಂತ ಸುದ್ದಿ ಕೇಳಿದ್ದೇ ಅವಳ ಪ್ರಚಾರಕ್ಕೆ ಓಡಿದ. ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತ ಅಂತ ಅವಳು ತಿಳಿದಳು. ಡಬ್ಬಿ ಹಂಚಿದ, ರಸ್ತೆಬದಿಯಲ್ಲಿ ಅವಳ ಹೆಸರಿನ ಬೋರ್ಡು ನೆಟ್ಟ. ಒಂದು ಬೆಳಿಗ್ಗೆ ಆ ಬೋರ್ಡುಗಳ ಕಟ್ಟನ್ನು ಹೊತ್ತು ಮೆಟ್ಟಿಲು ಇಳಿಯುವಾಗ ಹಾರ್ಲನ್ ಎದುರಾದ. ಬೋರ್ಡು ನೋಡಿದ, ಅವನನ್ನು ನೋಡಿದ, ನಕ್ಕುಬಿಟ್ಟ.

"ನನ್ನ ಸೂರಿನ ಕೆಳಗೆ ಮಲಗಿ ನನ್ನ ಮೇಲೇ ಬೋರ್ಡು ನೆಡ್ತೀಯ? ಭಲೇ ಕಣೋ. ಕಲ್ಲಲ್ಲಿ ಹೊಡೀಬೇಡ, ಗೂಟ ಸೀಳುತ್ತೆ. ಸುತ್ತಿಗೆ ಗೋಡೆ ಮೇಲಿದೆ, ತಗೊಂಡ್ಹೋಗು."

ಹಾರ್ಲನ್‌ನ ಸುತ್ತಿಗೆಯಲ್ಲೇ ಹಾರ್ಲನ್‌ನ ವಿರುದ್ಧದ ಬೋರ್ಡುಗಳನ್ನೆಲ್ಲ ನೆಟ್ಟ ಡೆರಿಕ್.

ಮಾರ್ಚಿನಲ್ಲಿ ವೃದ್ಧರ ವಸತಿಯ ದಾರಿ ಪೂರಾ ಮಂಜುಗಡ್ಡೆ. ಮೂವರು ಮುದುಕಿಯರೂ ಮನೆಯಲ್ಲೇ ಅಂಚೆ ಓಟು ಹಾಕಿದರು. ಡಬ್ಬಿ ತಂದ ಹುಡುಗನೇ ಸಾಕ್ಷಿಯಾದ. ರುಜು ಹಾಕುವಾಗ ಪೆನ್ನು ಸರಾಗ ಓಡಿತು. ವಿಳಾಸದ ಗೆರೆಗೆ ಬಂದು ನಿಂತಿತು. ಚಿಕ್ಕಮ್ಮನ ಮನೆ ಅಂತ ಬರೆದರೆ ಸುಳ್ಳು. ನಿಜ ಬರೆದರೆ ಚಿಕ್ಕಮ್ಮನ ಓಟಿನ ಲಕೋಟೆಯ ಮೇಲೆ ಹಾರ್ಲನ್ ರುಡ್‌ನ ಮನೆ ವಿಳಾಸ! ಊರಿಡೀ ಓದುತ್ತದೆ. ಪೆನ್ನಿನ ಮುಚ್ಚಳ ಹಾಕಿ, ಆಫೀಸಲ್ಲಿ ತುಂಬ್ಕೋತಾರೆ ಅಜ್ಜಿ, ಎಂದು ಎದ್ದು ಬಂದ. ಹಿಮ ಕರಗತೊಡಗಿದ್ದೇ ತಡ, ಹಾರ್ಲನ್‌ಗೆ ಒಂದು ಮಾತೂ ಹೇಳದೆ ಕೋಣೆ ಬಿಟ್ಟು ಚಿಕ್ಕಮ್ಮನ ಮನೆಗೆ ಮರಳಿದ. ಗೆರೆಯ ಮಾತು ಅಲ್ಲಿಗೇ ಮರೆತುಹೋಯಿತು. ಮರೆಯಬೇಕು ಅಂತಿದ್ದವನಿಗೆ ಮರೆಯುವುದು ಕಷ್ಟವೇ?

"ಡೆರಿಕ್," ಎಂದು ಬರ್ನಿಸ್ ಮತ್ತೆ ಕೇಳಿದಳು, "ಎಲ್ಲಿದ್ದೆ?"

ಡೆರಿಕ್‌ನ ಕಣ್ಣು ತಾನಾಗಿ ಹಾರ್ಲನ್‌ನ ಕಡೆ ಹೋಯಿತು. ಹಾರ್ಲನ್ ತನ್ನ ಬೂಟಿನ ತುದಿ ನೋಡುತ್ತಿದ್ದ. ಯಾರಿಗೂ ಹೇಳಲ್ಲ ಅಂದಿದ್ದ. ಇಷ್ಟು ಬೈಗುಳ ತಿಂದ ಮೇಲೂ ಹೇಳುವ ಸುಳಿವಿಲ್ಲ. ಈ ಮುದುಕ ಸುಮ್ಮನೆ ಕೂತರೆ ಸಾಕು, ಗೆದ್ದ. ಡೆರಿಕ್ ಸುಮ್ಮನೆ ನಿಂತರೆ ಸಾಕು, ಮಾನ ಉಳಿಯಿತು. ಈ ಸಭಾಮನೆಯಲ್ಲಿ ಅವರಿಬ್ಬರಿಗೂ ಒಂದೇ ಲಾಭ ಎಂದು ಅವನಿಗೆ ಹೊಳೆಯಿತು.

"ಎಲ್ಲೋ ಇದ್ದೆ. ಅದನ್ನ ಕಟ್ಕೊಂಡು ನಿಮಗೇನಾಗ್ಬೇಕು," ಎಂದ.

"ನನಗೇನೂ ಆಗ್ಬೇಕಾಗಿಲ್ಲ," ಎಂದಳು ಬರ್ನಿಸ್. ಆಗ್ದಾಳ ಕಡೆ ಕೈ ತೋರಿಸಿದಳು. "ಅವರಿಗಾಗ್ಬೇಕು."

ಡೆರಿಕ್ ಆಗ್ದಾಳನ್ನು ನೋಡಲಿಲ್ಲ. ನೋಡದೆ ಇರಲು ಕತ್ತಿನ ನರ ಬಿಗಿದುಕೊಂಡು ನಿಲ್ಲಬೇಕಾಯಿತು. ಒಂದು ಮಾತು. ಗ್ಯಾರೇಜಿನ ಮೇಲಿನ ಕೋಣೆ. ಹೇಳಬೇಕಾದ್ದು ಅಷ್ಟೇ. ನಾಲಿಗೆಯ ತುದಿಯವರೆಗೂ ಬಂತು, ಹಿಂದಿನ ಸಾಲಿನಿಂದ ರೇ ಕೆಮ್ಮಿದ, ಒಳಗೆ ಹೋಯಿತು. ಬರ್ನಿಸ್ ಕಾದಳು. ಆಮೇಲೆ ಲಕೋಟೆಗಳನ್ನು ಒಂದರ ಮೇಲೊಂದು ಜೋಡಿಸಿ ಪೆಟ್ಟಿಗೆಯ ಕಡೆ ಚಾಚಿದಳು.

"ನನ್ನ ವಿಳಾಸ ಬರ್ಕೋ, ಬರ್ನಿಸ್."

ಹಾರ್ಲನ್ ಕೂತಲ್ಲಿಂದಲೇ ಅಂದಿದ್ದ. ಫ್ಲಾಸ್ಕಿನ ಮುಚ್ಚಳ ಮೆಲ್ಲಗೆ ತಿರುಗಿಸಿ ಹಾಕುತ್ತಿದ್ದ.

"ನಿಂದ್ಯಾಕೆ?"

"ಹುಡುಗ ಚಳಿಗಾಲ ಪೂರ್ತಿ ನಮ್ಮ ಗ್ಯಾರೇಜಿನ ಮೇಲಿದ್ದ. ಬಿಟ್ಟಿ ಇರ್ಲಿಲ್ಲ ಮತ್ತೆ. ನನ್ನ ಸೌದೆ ಎಲ್ಲಾ ಒಡೆದು ಹಾಕಿದಾನೆ."

ಸೌದೆ ಒಡೆದದ್ದು ಎರಡೋ ಮೂರೋ ದಿನ. ಮಿಕ್ಕಿದ್ದನ್ನೆಲ್ಲ ಹಾರ್ಲನ್ನೇ ಒಡೆದು, ಹೊತ್ತು ಮೇಲೆ ತಂದು ಜೋಡಿಸಿದ್ದು. ಎರಡು ಗಳಿಗೆಯ ಹಿಂದೆ ತನ್ನನ್ನು ಕಳ್ಳ ಅಂದವನ ಮಾನ ಮುಚ್ಚಲು ಈ ಮನುಷ್ಯ ಪೂರಾ ಸಭೆಯೆದುರು ಸುಳ್ಳು ಹೇಳಿದ.

ಬರ್ನಿಸ್ ಕನ್ನಡಕ ತೆಗೆದಳು. "ಹಾರ್ಲನ್, ಈ ಮೂರು ಒಡೆದ್ರೆ ಏನಾಗುತ್ತೆ ಗೊತ್ತಲ್ಲ?"

"ಕೂಡೋ ಲೆಕ್ಕ ಬರುತ್ತೆ ನಂಗೆ. ಒಡಿ."

ಒಡೆದರು. ಲೊರೇನ್, ಲೊರೇನ್, ಲೊರೇನ್. ನೂರಾ ನಲವತ್ತಮೂರು, ನೂರಾ ನಲವತ್ತನಾಲ್ಕು. ಯಾರೋ ಚಪ್ಪಾಳೆ ತಟ್ಟಲು ಹೋಗಿ ಎರಡು ಏಟಿಗೆ ನಿಲ್ಲಿಸಿದರು. ಆಗ್ದಾ ಒಬ್ಬಳ ಮುಖ ಮಾತ್ರ ಅರಳಿತು. ಯಾರು ಗೆದ್ದರು ಅಂತಲೂ ಅವಳು ಕೇಳಲಿಲ್ಲ, ತನ್ನದು ಬಿತ್ತಲ್ಲ, ಅಷ್ಟು ಸಾಕು ಎಂದು ಪಕ್ಕದವಳಿಗೆ ಹೇಳಿದಳು.

ರೇ ಎದ್ದು ಟೋಪಿ ಹಾಕಿಕೊಂಡ. "ಉಂಡ ಮನೆ ಗಳ ಎಣಿಸೋರನ್ನ ನೋಡಿದ್ದೆ. ಓಟು ಎಣಿಸೋಕೂ ಬರ್ತಾರೆ ಅಂತ ಇವತ್ತೇ ಗೊತ್ತಾಗಿದ್ದು."

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಲೊರೇನ್ ತನ್ನ ಗೆಲುವಿನ ಕಡೆ ತಿರುಗಿಯೂ ನೋಡಲಿಲ್ಲ. ಡೆರಿಕ್‌ನ ಎದುರು ಬಂದು ನಿಂತಳು. ಗಟ್ಟಿಯಾಗಿ ಕೂಗಾಡುವವಳಲ್ಲ ಅವಳು, ಆಗಲೂ ಕೂಗಾಡಲಿಲ್ಲ.

"ನಿನ್ನ ಕೋಣೆ ಹಾಸಿಗೆ ನಾನು ಎತ್ತೇ ಇರ್ಲಿಲ್ಲ. ಬಾಗಿಲಿಗೆ ಚಿಲಕಾನೂ ಹಾಕ್ತಿರ್ಲಿಲ್ಲ, ಯಾವಾಗ್ಲಾದ್ರೂ ಬರ್ತೀಯ ಅಂತ."

ಅಷ್ಟು ಹೇಳಿ ಹಾರ್ಲನ್‌ನ ಹತ್ತಿರ ಹೋದಳು. ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹಾರ್ಲನ್, ಅಡುಗೆಮನೆಯ ಎಡಗಡೆ ಒಲೆ ಸರಿಯಾಗಿ ಹತ್ತುವುದಿಲ್ಲ, ಮೊದಲು ಅದನ್ನು ರಿಪೇರಿ ಮಾಡಿಸು, ಮುಚ್ಚುತ್ತೀನಲ್ಲ ಅಂತ ನಾನು ಬಿಟ್ಟಿದ್ದೆ, ಎಂದ. ಹಿಮಗಾಡಿಯ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳುವುದಾದರೆ ಈಗಲೇ ಹೇಳು, ಸೊಂಟ ಬೇರೆ ನೋಯುತ್ತದೆ, ಎಂದೂ ಅಂದ. ಲೊರೇನ್ ಅಳುತ್ತಲೇ ನಕ್ಕಳು.

ಡೆರಿಕ್ ಹಿಂಬಾಗಿಲಿನಿಂದ ಹೊರಬಿದ್ದ. ಏಪ್ರಿಲ್ ಕೊನೆಯ ಬಿಸಿಲು. ಅಂಗಳದ ಅಂಚಿಗೆ ಚಳಿಗಾಲವಿಡೀ ಹಾರ್ಲನ್ ಬಳಿದು ಒಟ್ಟಿದ್ದ ಹಿಮದ ರಾಶಿ ಕೊಳಕಾಗಿ, ಕುಗ್ಗಿ, ಕಪ್ಪು ನೀರಾಗಿ ಹರಿಯುತ್ತಿತ್ತು. ಅದರ ಪಕ್ಕದಲ್ಲೇ ಅವನ ಟ್ರಕ್ಕು. ಕೀಲಿ ಕೈಗೆ ತಗೊಂಡು ಬಾಗಿಲ ಹತ್ತಿರ ಹೋದವನು ಹಾಗೇ ನಿಂತ. ಗಾಜಿನೊಳಗೆ, ಪಕ್ಕದ ಸೀಟಿನ ಮೇಲೆ, ಮರದ ಹಿಡಿಯ ಸುತ್ತಿಗೆ ಬಿದ್ದಿತ್ತು. ಹಿಡಿಯ ಮೇಲೆ ಕಾಯಿಸಿದ ಮೊಳೆಯಲ್ಲಿ ಸುಟ್ಟು ಕೊರೆದ ಎರಡಕ್ಷರ, ಹಾರ್ಲನ್ ರುಡ್‌ನ ಹೆಸರಿನವು. ಕೋಣೆ ಬಿಡುವಾಗ ವಾಪಸು ಕೊಡಲಿಲ್ಲ. ಕೊಡಬೇಕಾದರೆ ಮುಖ ತೋರಿಸಿ ಕೊಡಬೇಕಿತ್ತು.

ಹಿಂದೆ ಜಲ್ಲಿಯ ಮೇಲೆ ಬೂಟಿನ ಸದ್ದು. ಅದು ಯಾರದೆಂದು ಡೆರಿಕ್‌ಗೆ ತಿರುಗದೆಯೇ ಗೊತ್ತು. ಚಳಿಗಾಲವಿಡೀ ಮೆಟ್ಟಿಲ ಮೇಲೆ ಕೇಳಿದ್ದ, ಬಲಗಾಲು ಸ್ವಲ್ಪ ಎಳೆದು ಹಾಕುವ ನಡಿಗೆ.

"ಡೆರಿಕ್," ಎಂದ ಹಾರ್ಲನ್. ದನಿಯಲ್ಲಿ ಸಿಟ್ಟಿಲ್ಲ, ವ್ಯಂಗ್ಯವಿಲ್ಲ, ಸೋತವನ ಬೇಸರವೂ ಇಲ್ಲ. ಹೊತ್ತು ಮುಳುಗುವುದರೊಳಗೆ ಒಂದು ಕೆಲಸ ಮುಗಿಸಬೇಕು ಅನ್ನುವವನ ದನಿ. "ರಸ್ತೆಬದಿ ಬೋರ್ಡು ಕೀಳ್ಬೇಕಲ್ಲಪ್ಪ, ನಂದೂ ನಿಮ್ಮದೂ. ಗೋಡೆ ಮೇಲೆ ಸುತ್ತಿಗೆ ಕಾಣ್ಲಿಲ್ಲ. ಎಲ್ಲಿಟ್ಟೆ?"

ಬಾಗಿಲು ತೆಗೆದರೆ ಸುತ್ತಿಗೆ ಎತ್ತಿ ಅವನ ಕೈಗೆ ಕೊಡಬೇಕಾಗುತ್ತಿತ್ತು. ಡೆರಿಕ್ ಕೀಲಿಯನ್ನು ಜೇಬಿಗೆ ಹಾಕಿದ. ಟ್ರಕ್ಕನ್ನು ಅಲ್ಲೇ ಬಿಟ್ಟು, ಅದರ ಪಕ್ಕದಿಂದ ಹಾದು, ಹಿಮದ ಕೊಳಕು ನೀರನ್ನು ತುಳಿದುಕೊಂಡು ರಸ್ತೆಗಿಳಿದ. ಎರಡೂ ಬದಿಗೆ ಅವನೇ ನೆಟ್ಟ ಬೋರ್ಡುಗಳು ನೆಟ್ಟಗೆ ನಿಂತಿದ್ದವು, ಒಂದರ ಗೂಟವೂ ಸೀಳಿರಲಿಲ್ಲ. ಅವುಗಳ ನಡುವೆ, ತಿರುಗಿ ನೋಡದೆ, ಅವನು ನಡೆದುಕೊಂಡು ಹೋದ.